ಉಗಿಬಂಡಿಗಳ ಅಂಗಳ ತೊಳೆಯುವ ಕಥೆ

ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಹೋಗಿದ್ದೀರಾ? ಹೋಗಿದ್ದರೆ ಅಲ್ಲಿನ ಹಳೆಯ ಉಗಿ ಎಂಜಿನ್ನುಗಳ ಮೇಲೆ ಹತ್ತಿ, ಕಂಡ ಹಿಡಿಕೆಯನ್ನೆಲ್ಲ ಎಳೆದು ನೋಡಿಯೇ ಇರುತ್ತೀರಿ. ಇಳಿದ ಮೇಲೆ ಅಂಗೈಗೆ ಕಪ್ಪು ಜಿಡ್ಡು ಅಂಟಿದ್ದರೆ, ಅದು ಒಂದು ಸಲ ಸೋಪು ಹಾಕಿದರೆ ಹೋಗುವುದಿಲ್ಲ. ಅಮ್ಮ ಬೈದಾಗ ಇನ್ನೊಂದು ಸಲ ತಿಕ್ಕಬೇಕು.

ಉಗಿಬಂಡಿಗೆ ಬೆಂಕಿ, ನೀರು ಎಷ್ಟು ಬೇಕೋ ಎಣ್ಣೆಯೂ ಅಷ್ಟೇ ಬೇಕು. ಚಕ್ರ, ಅಚ್ಚು, ಚಕ್ರ ತಿರುಗಿಸುವ ಉದ್ದನೆಯ ಸರಳುಗಳು, ಎಲ್ಲೆಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೋ ಅಲ್ಲೆಲ್ಲ ಎಣ್ಣೆ ಬಿಡುತ್ತಲೇ ಇರಬೇಕು. ಹಾಗೆ ಬಿಟ್ಟ ಎಣ್ಣೆ ಅಲ್ಲೇ ನಿಲ್ಲುವುದಿಲ್ಲ. ತೊಟ್ಟಿಕ್ಕುತ್ತದೆ. ಒಂದು ಎಂಜಿನ್ನಿನಿಂದ ದಿನಕ್ಕೆ ನಾಲ್ಕು ಹನಿ ಬಿದ್ದರೆ ಯಾರೂ ಗಮನಿಸುವುದಿಲ್ಲ. ಆದರೆ ಒಂದೇ ಜಾಗದಲ್ಲಿ, ನೂರಾರು ಎಂಜಿನ್ನುಗಳನ್ನು, ನೂರಕ್ಕೂ ಹೆಚ್ಚು ವರ್ಷ ಬಿಚ್ಚುತ್ತ ಜೋಡಿಸುತ್ತ ಇದ್ದರೆ? ಆ ಹನಿಗಳೆಲ್ಲ ಎಲ್ಲಿಗೆ ಹೋದವು?

ಅಂಥ ಒಂದು ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿದೆ. ಸ್ಯಾಕ್ರಮೆಂಟೊ ಮತ್ತು ಅಮೆರಿಕನ್ ಎಂಬ ಎರಡು ನದಿಗಳು ಕೂಡುವ ಊರು ಅದು. 1863ರ ಜನವರಿ 8ರಂದು ಅಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿ ರೈಲು ದಾರಿಗೆ ಗುದ್ದಲಿ ಪೂಜೆ ಮಾಡಿತು. ಪಶ್ಚಿಮದಿಂದ ಇವರು, ಪೂರ್ವದಿಂದ ಇನ್ನೊಂದು ಕಂಪನಿಯವರು ಹಳಿ ಹಾಕುತ್ತ ಬಂದು, 1869ರ ಮೇ 10ರಂದು ಯೂಟಾದ ಪ್ರೊಮಂಟರಿಯಲ್ಲಿ ಸೇರಿದರು. ಆ ದೇಶದ ಎರಡು ತುದಿಗಳಿಗೆ ರೈಲಿನ ನಂಟಾಯಿತು. ಹಿಮ ಬೀಳುವ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಬಂಡೆ ಒಡೆದು ಸುರಂಗ ಕೊರೆದವರಲ್ಲಿ ಬಹುಪಾಲು ಜನ ಚೀನಾದಿಂದ ಬಂದ ಕೂಲಿಕಾರರು. ಅವರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ಬರೆದಿಲ್ಲ. ಈ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬಾರದು.

ರೈಲು ಓಡಬೇಕಾದರೆ ರಿಪೇರಿಯ ಮನೆ ಬೇಕಲ್ಲ? ಅದನ್ನು ಸ್ಯಾಕ್ರಮೆಂಟೊದಲ್ಲೇ ಕಟ್ಟಿದರು. ಕುಲುಮೆ, ಎರಕದ ಮನೆ, ಬಾಯ್ಲರ್ ಶಾಪ್, ಬಣ್ಣ ಬಳಿಯುವ ಶಾಪ್, ಎಂಜಿನ್ ಜೋಡಿಸುವ ಎರೆಕ್ಟಿಂಗ್ ಶಾಪ್. ಮುಂದೆ ಇದು ಸದರ್ನ್ ಪೆಸಿಫಿಕ್ ಎಂಬ ಕಂಪನಿಯ ಕೈಗೆ ಬಂತು. ರಿಪೇರಿ ಮಾತ್ರವಲ್ಲ, ಹೊಸ ಎಂಜಿನ್ನುಗಳೂ ಇಲ್ಲಿ ತಯಾರಾದವು. ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಜಾಗ ಸುಮಾರು 240 ಎಕರೆ, ಅಂದರೆ ನಮ್ಮ ಬೆಂಗಳೂರಿನ ಲಾಲ್‌ಬಾಗಿನಷ್ಟು. ಇಡೀ ಲಾಲ್‌ಬಾಗಿನಲ್ಲಿ ಮರಗಳಿಲ್ಲ, ಹಳಿ, ಹೊಗೆ, ಸುತ್ತಿಗೆ ಸದ್ದು ಅಷ್ಟೇ ಇದೆ ಎಂದುಕೊಳ್ಳಿ. ಪಕ್ಕದಲ್ಲೊಂದು ಕೆರೆಯೂ ಇತ್ತು. ಅದರ ದಂಡೆಯಲ್ಲಿ ಚೀನಾದವರ ಬೀದಿ. 20ನೇ ಶತಮಾನದ ಆರಂಭದಲ್ಲಿ ರೈಲಿನವರು ಆ ಕೆರೆಯನ್ನೂ ತುಂಬಿಸಿ ನೆಲ ಮಾಡಿಕೊಂಡರು.

1999ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಅಲ್ಲಿನ ನೆಲವನ್ನು ಪರೀಕ್ಷೆ ಮಾಡಲು ಶುರು ಮಾಡಿದ್ದರು. ಮಣ್ಣಿನಲ್ಲಿ ಎಣ್ಣೆ ಇತ್ತು, ಡೀಸೆಲ್ ಇತ್ತು. ಅದು ಊಹಿಸಿದ್ದೇ. ಅದರ ಜೊತೆಗೆ ಸೀಸ ಇತ್ತು. ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇತ್ತು. ಜಿಡ್ಡು ತೆಗೆಯಲು ಬಳಸುವ ದ್ರಾವಕಗಳು ಇದ್ದವು. ಈ ದ್ರಾವಕಗಳು ಮಣ್ಣು ದಾಟಿ ಅಂತರ್ಜಲಕ್ಕೆ ಇಳಿದು, ಕಾರ್ಖಾನೆಯ ಬೇಲಿಯಾಚೆ ಊರಿನ ನಡುಭಾಗದ ಕಟ್ಟಡಗಳ ಅಡಿಗೂ ಹರಿದುಹೋಗಿದ್ದವು. ನೆಲದಡಿಯ ನೀರಿಗೆ ಬೇಲಿ ಗೊತ್ತಿಲ್ಲ.

ಈಗ ನೀವೇ ಆ ಜಾಗವನ್ನು ಚೊಕ್ಕಟ ಮಾಡುವ ವಿಜ್ಞಾನಿ ಅಂದುಕೊಳ್ಳಿ. ಎಲ್ಲಿಂದ ಶುರು ಮಾಡುತ್ತೀರಿ?

ಪೊರಕೆಯಿಂದಂತೂ ಆಗದು. ಮೊದಲು ಪ್ರತಿಯೊಂದು ವಿಷದ ಸ್ವಭಾವ ತಿಳಿದುಕೊಳ್ಳಬೇಕು. ತರಗತಿಯಲ್ಲಿ ಹೊಸ ಗೆಳೆಯ ಬಂದಾಗ ಅವನು ಮಾತುಗಾರನೋ ಮೌನಿಯೋ, ಆಟಕ್ಕೆ ಬರುತ್ತಾನೋ ಮೂಲೆಯಲ್ಲಿ ಕೂರುತ್ತಾನೋ ನೋಡುತ್ತೇವಲ್ಲ, ಹಾಗೆ. ಇದು ನೀರಿನಲ್ಲಿ ತೇಲುತ್ತದೋ ಮುಳುಗುತ್ತದೋ? ಗಾಳಿಗೆ ಆರುತ್ತದೋ? ಮಣ್ಣಿಗೆ ಅಂಟಿ ಕೂರುತ್ತದೋ? ಯಾವುದಾದರೂ ಜೀವಿ ಇದನ್ನು ತಿನ್ನುತ್ತದೋ?

ಒಂದು ಸಣ್ಣ ಪ್ರಯೋಗ ಮಾಡಿ. ಗಾಜಿನ ಲೋಟದಲ್ಲಿ ಮುಕ್ಕಾಲು ನೀರು ತೆಗೆದುಕೊಳ್ಳಿ. ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿ. ಮೇಲೆ ತೇಲಿತು. ಈಗ ಒಂದು ಚಮಚ ಜೋನಿ ಬೆಲ್ಲವನ್ನು ಮೆಲ್ಲಗೆ ಬಿಡಿ. ಜೋನಿ ಬೆಲ್ಲ ಸಿಗದ ಊರಿನವರು ಗಟ್ಟಿ ಬೆಲ್ಲದ ಪಾಕ ಮಾಡಿಸಿಕೊಳ್ಳಿ. ಅದು ಎಣ್ಣೆಯನ್ನೂ ನೀರನ್ನೂ ದಾಟಿ ಸೀದಾ ತಳಕ್ಕೆ ಹೋಗಿ ಕೂರುತ್ತದೆ. ಕಲಕದೆ ಹಾಗೇ ಬಿಟ್ಟರೆ, ಸ್ವಲ್ಪ ಹೊತ್ತಿಗೆ ತಳದಿಂದ ಕಂದು ಬಣ್ಣ ನಿಧಾನವಾಗಿ ನೀರಿಗೆ ಏಳುತ್ತದೆ.

ಡೀಸೆಲ್ ನಿಮ್ಮ ಕಡಲೆಕಾಯಿ ಎಣ್ಣೆಯ ಹಾಗೆ. ನೆಲದೊಳಗೆ ಇಳಿದು ಅಂತರ್ಜಲ ಸಿಕ್ಕ ಕೂಡಲೇ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಬಾವಿ ತೋಡಿ, ಹಾಲಿನ ಕೆನೆ ತೆಗೆದಂತೆ ಮೇಲಿನಿಂದ ತೆಗೆಯಬಹುದು. ಪೂರ್ತಿ ಬರುವುದಿಲ್ಲ, ಬಹಳಷ್ಟು ಬರುತ್ತದೆ.

ಜೋನಿ ಬೆಲ್ಲದ ಗುಣ ಇನ್ನೊಂದಕ್ಕೆ ಇದೆ. ಅದರ ಹೆಸರು ಟ್ರೈಕ್ಲೋರೋಎಥಿಲೀನ್. ಹೆಸರು ಉದ್ದ, ಹೆದರಬೇಡಿ. ಇಂಗಾಲದ ಎರಡು ಪರಮಾಣು, ಜಲಜನಕದ ಒಂದು, ಕ್ಲೋರಿನ್ನಿನ ಮೂರು ಸೇರಿದ ಒಂದು ದ್ರವ, ಅಷ್ಟೇ. ನೋಡಲು ನೀರಿನಂತೆ ತಿಳಿ, ಸ್ವಲ್ಪ ಸಿಹಿ ವಾಸನೆ. ಕಬ್ಬಿಣದ ಬಿಡಿಭಾಗಕ್ಕೆ ಅಂಟಿದ ಜಿಡ್ಡನ್ನು ಇದು ಥಟ್ಟನೆ ಕರಗಿಸುತ್ತಿತ್ತು. ಆ ಕಾಲದ ಕಾರ್ಖಾನೆಗಳಲ್ಲಿ ಇದಕ್ಕೆ ಬಲು ಮರ್ಯಾದೆ. ತೊಳೆದಾದ ಮೇಲೆ ಉಳಿದದ್ದನ್ನು ನೆಲಕ್ಕೆ ಚೆಲ್ಲುವುದು ಹಲವು ಕಾರ್ಖಾನೆಗಳಲ್ಲಿ ರೂಢಿಯೇ ಆಗಿತ್ತು. ಗಾಳಿಗೆ ಆರಿಹೋಗುತ್ತದೆ ಎಂದುಕೊಂಡರು. ಒಂದಿಷ್ಟು ಆರಿತು ನಿಜ. ಉಳಿದದ್ದು ಇಳಿಯಿತು. ಒಂದು ಲೀಟರ್ ನೀರು ಒಂದು ಕೆಜಿ ತೂಗಿದರೆ ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಹಾಗಾಗಿ ಅಂತರ್ಜಲ ಸಿಕ್ಕರೂ ಅಲ್ಲಿ ನಿಲ್ಲದೆ, ಅದರೊಳಗೂ ಮುಳುಗಿ, ಜೇಡಿಮಣ್ಣಿನ ಪದರ ಅಡ್ಡ ಬರುವ ತನಕ ಇಳಿಯುತ್ತ ಹೋಗುತ್ತದೆ. ಅಲ್ಲಿ ಕೂತು, ನಿಮ್ಮ ಲೋಟದ ಬೆಲ್ಲದಂತೆ, ವರ್ಷಗಟ್ಟಲೆ ಚೂರುಚೂರೇ ಕರಗುತ್ತದೆ.

ಎಷ್ಟು ಕರಗಿದರೆ ಅಪಾಯ? ಇದು ಕ್ಯಾನ್ಸರ್ ತರಬಲ್ಲ ವಸ್ತು. ಅಮೆರಿಕದಲ್ಲಿ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಇದು 5 ಮೈಕ್ರೊಗ್ರಾಮಿಗಿಂತ ಹೆಚ್ಚು ಇರಕೂಡದು ಎಂದು ನಿಯಮವಿದೆ. ಮೈಕ್ರೊಗ್ರಾಮ್ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಲೆಕ್ಕ ಇಷ್ಟವಿರುವವರು ನೋಟುಪುಸ್ತಕ ತೆಗೆಯಿರಿ. ಒಂದು ಲೀಟರ್ ದ್ರಾವಕವನ್ನು ಈ ಮಿತಿಗೆ ಇಳಿಯುವಷ್ಟು ತೆಳು ಮಾಡಬೇಕಾದರೆ ಸುಮಾರು 29 ಕೋಟಿ ಲೀಟರ್ ನೀರು ಬೇಕು. 12 ಸಾವಿರ ಲೀಟರ್ ಹಿಡಿಸುವ ಟ್ಯಾಂಕರ್ ಲಾರಿಗಳಾದರೆ 24 ಸಾವಿರ. ನಾನು ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದೆ, ಉತ್ತರ ಅದೇ ಬಂತು. ಒಂದೇ ಒಂದು ಲೀಟರ್!

ಸ್ಯಾಕ್ರಮೆಂಟೊದವರು ತಮ್ಮ ಕುಡಿಯುವ ನೀರಿನ ಹೆಚ್ಚಿನ ಪಾಲನ್ನು ನದಿಗಳಿಂದ ಪಡೆಯುತ್ತಾರೆ. ಹಾಗೆಂದು ನೆಲದಡಿಯ ನೀರನ್ನು ಹಾಗೇ ಬಿಡುವಂತಿರಲಿಲ್ಲ. ಅದು ಹರಿಯುತ್ತಲೇ ಇರುತ್ತದೆ. ಇಂದು ಒಂದು ಬೀದಿಯ ಕೆಳಗಿದ್ದದ್ದು ಮುಂದೆ ಇನ್ನೊಂದು ಬೀದಿಯ ಕೆಳಗೆ.

ಅವರು ಮಾಡಿದ ಉಪಾಯದಲ್ಲಿ ಎರಡು ಭಾಗ. ದ್ರಾವಕಕ್ಕೆ ಹಾರುವ ಗುಣವೂ ಇದೆ ಎಂದೆನಲ್ಲ, ಮೊದಲನೆಯದು ಆ ಗುಣವನ್ನೇ ಹಿಡಿದುಕೊಂಡದ್ದು. ನೀರು ಮುಟ್ಟದ ಒಣ ಮಣ್ಣಿನ ಪದರದಲ್ಲಿ ತೂತಿನ ಕೊಳವೆಗಳನ್ನು ಇಳಿಸಿ ಗಾಳಿಯನ್ನು ಹೀರುತ್ತಾರೆ, ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ. ಮಣ್ಣಿನ ಕಣಗಳ ನಡುವೆ ಸಿಕ್ಕಿಕೊಂಡ ದ್ರಾವಕ ಆವಿಯಾಗಿ ಆ ಗಾಳಿಯೊಂದಿಗೆ ಮೇಲೆ ಬರುತ್ತದೆ. ಎರಡನೆಯದು, ಕೊಳವೆಬಾವಿ ತೋಡಿ, ಕೆಟ್ಟ ನೀರನ್ನೇ ಪಂಪು ಮಾಡಿ ಮೇಲೆತ್ತಿ ಶುದ್ಧ ಮಾಡುವುದು. ಪಂಪು ಎಳೆಯುತ್ತಿರುವಾಗ ಸುತ್ತಲಿನ ನೀರು ಬಾವಿಯ ಕಡೆಗೇ ಬರುತ್ತದೆ, ಹೀಗಾಗಿ ವಿಷ ಮುಂದಿನ ಬೀದಿಗೆ ಹೋಗುವುದೂ ತಪ್ಪುತ್ತದೆ.

ಮೇಲೆ ಬಂದ ವಿಷದ ಗಾಳಿ, ವಿಷದ ನೀರನ್ನು ಏನು ಮಾಡುವುದು? ಇಂಥ ಕಡೆ ಬಹಳ ಬಳಕೆಯಾಗುವ ವಸ್ತು ನಿಮಗೆ ಗೊತ್ತಿರುವುದೇ: ಇದ್ದಿಲು. ಒಲೆಯ ಇದ್ದಿಲಲ್ಲ, ಉಗಿ ಹಾಯಿಸಿ ಒಳಗೆಲ್ಲ ಕಣ್ಣಿಗೆ ಕಾಣದ ತೂತು ಮಾಡಿದ ಇದ್ದಿಲು. ಒಳ್ಳೆಯ ಜಾತಿಯದನ್ನು ತೆಂಗಿನ ಚಿಪ್ಪಿನಿಂದ ಮಾಡುತ್ತಾರೆ. ನಿಮ್ಮ ಮನೆಯ ನೀರಿನ ಫಿಲ್ಟರಿನ ಒಳಗೂ ಅದು ಇರಬಹುದು. ಅಂಥ ಇದ್ದಿಲಿನ ಒಂದು ಗ್ರಾಮನ್ನು, ಒಳಗಿನ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಏಳು ಕಬಡ್ಡಿ ಅಂಕಣದಷ್ಟು! ಒಂದು ಚಿಟಿಕೆಯೊಳಗೆ ಅಷ್ಟೊಂದು ಗೋಡೆ. ದ್ರಾವಕದ ಅಣುಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ, ನೀರು ತನ್ನ ಪಾಡಿಗೆ ಆಚೆ ಬರುತ್ತದೆ.

ಇಂಥ ಜಾಗಗಳಲ್ಲಿ ಇನ್ನೊಬ್ಬ ಕೆಲಸಗಾರನನ್ನೂ ಕರೆಯುವುದುಂಟು. ಡಿಹಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ನಾವು ಆಮ್ಲಜನಕ ಉಸಿರಾಡುವಂತೆ ಇದು ಕ್ಲೋರಿನ್ ಇರುವ ಈ ದ್ರಾವಕಗಳನ್ನೇ ಬಳಸಿ ಬದುಕುತ್ತದೆ; ಒಂದೊಂದೇ ಕ್ಲೋರಿನ್ ಕಿತ್ತು ಹಾಕುತ್ತದೆ. ಇದಕ್ಕೆ ಆಮ್ಲಜನಕ ಕಂಡರೆ ಆಗದು. ಅದಕ್ಕೇ ನೆಲದಡಿಗೆ ಕಾಕಂಬಿಯಂಥ ಸಿಹಿಯನ್ನು ಇಳಿಸುತ್ತಾರೆ. ಬೇರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ಅಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಡಿಹಲೋಕಾಕಾಯ್ಡಿಸ್‌ಗೆ ಬೇಕಾದ ಜಲಜನಕವನ್ನೂ ಹುಟ್ಟಿಸಿಕೊಡುತ್ತವೆ. ಮಂಡ್ಯದ ಕಡೆಯ ಮಕ್ಕಳಿಗೆ ಕಾಕಂಬಿ ಚೆನ್ನಾಗಿ ಗೊತ್ತು, ಸಕ್ಕರೆ ಕಾರ್ಖಾನೆಯ ವಾಸನೆಯೇ ಅದು. ಅಮೆರಿಕದ ನೆಲದಡಿಗೆ ವಿಷ ತೆಗೆಯಲು ಅದನ್ನು ಕಳಿಸುತ್ತಾರೆಂದು ನಾನು ಮೊದಲ ಸಲ ಓದಿದಾಗ ಬಹಳ ಖುಷಿಯಾಗಿತ್ತು.

ಇನ್ನು ಸೀಸ. ಇದರ ಸ್ವಭಾವವೇ ಬೇರೆ. ತೇಲುವುದಿಲ್ಲ, ಹಾರುವುದಿಲ್ಲ, ನೀರಿನೊಂದಿಗೆ ಹೆಚ್ಚು ದೂರ ಹೋಗುವುದೂ ಇಲ್ಲ. ಮಣ್ಣಿನ ಕಣಕ್ಕೆ ಅಂಟಿ ಬಿದ್ದಲ್ಲೇ ಬಿದ್ದಿರುತ್ತದೆ. ಇದು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಮೆತ್ತಗಿನ ಲೋಹ. ಹಾಗಾಗಿ ಹಳೆಯ ಕಾರ್ಖಾನೆಗಳಲ್ಲಿ ಬೆಸುಗೆಗೆ, ಬೇರಿಂಗಿನ ಎರಕಕ್ಕೆ, ತುಕ್ಕು ತಡೆಯುವ ಬಣ್ಣಕ್ಕೆ, ಎಲ್ಲದಕ್ಕೂ ಸೀಸವೇ. ಆದರೆ ನಮ್ಮ ದೇಹ ಇದನ್ನು ಕ್ಯಾಲ್ಸಿಯಮ್ ಎಂದು ತಪ್ಪು ತಿಳಿದು ಮೂಳೆಯೊಳಗೆ ಸೇರಿಸಿಕೊಳ್ಳುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಇದರಿಂದ ಆಗುವ ಕೆಡುಕು ದೊಡ್ಡವರಿಗೆ ಆಗುವುದಕ್ಕಿಂತ ಹೆಚ್ಚು. ಸೀಸದ ಕೆಲಸ ಮಾಡುವವರು ಸಂಜೆ ಮನೆಗೆ ಬಂದಾಗ ಬಟ್ಟೆಯಲ್ಲಿ ಆ ಧೂಳೂ ಬರುತ್ತಿತ್ತು. ಅಪ್ಪ ಬಂದ ಎಂದು ಓಡಿಹೋಗಿ ತಬ್ಬಿಕೊಂಡ ಮಕ್ಕಳನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ಭಾರತದಲ್ಲಿ 2000ದ ತನಕ ಪೆಟ್ರೋಲಿನಲ್ಲೂ ಸೀಸ ಬೆರೆಸುತ್ತಿದ್ದರು. ಅದು ನಿಲ್ಲಬೇಕೆಂದು ದನಿಯೆತ್ತಿದವರಲ್ಲಿ, ನಮ್ಮ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆದು ತೋರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಒಬ್ಬರು.

ಸೀಸದ ಮುಂದೆ ಬ್ಯಾಕ್ಟೀರಿಯಾವೂ ಸೋಲುತ್ತದೆ. ಎಣ್ಣೆಯಾಗಲಿ ದ್ರಾವಕವಾಗಲಿ ಹಲವು ಪರಮಾಣುಗಳು ಕೈ ಹಿಡಿದು ನಿಂತ ಅಣು. ಕೈಗಳನ್ನು ಪೂರ್ತಿ ಬಿಡಿಸಿದರೆ ವಿಷ ಮುಗಿಯಿತು. ಸೀಸ ಹಾಗಲ್ಲ, ಅದೇ ಒಂದು ಮೂಲವಸ್ತು. ಬಿಡಿಸಲು ಕೈಯೇ ಇಲ್ಲ. ಸುಟ್ಟರೂ ಸೀಸ, ಕರಗಿಸಿದರೂ ಸೀಸ, ಸಾವಿರ ವರ್ಷ ಬಿಟ್ಟು ಬಂದರೂ ಸೀಸ. ಇಲ್ಲಿ ನಾನು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ದೊಡ್ಡವರು ಎಷ್ಟೋ ಸಲ "ಕಸ ಹೋಯಿತು" ಎನ್ನುತ್ತಾರೆ. ಸೀಸ ಎಲ್ಲೂ ಹೋಗುವುದಿಲ್ಲ. ಮಣ್ಣಿನ ಸಮೇತ ಅಗೆದು, ತಳಕ್ಕೆ ನೀರು ಇಳಿಯದ ಹಾಸು ಹಾಕಿದ ಗುಂಡಿಯಲ್ಲಿ ಕಾವಲಿಟ್ಟು ಮುಚ್ಚಬಹುದು. ಇಲ್ಲವೇ ಅಲ್ಲೇ ಸಿಮೆಂಟಿನೊಂದಿಗೆ ಬೆರೆಸಿ ಗಟ್ಟಿ ಮಾಡಿ, ಮೇಲೆ ಒಳ್ಳೆಯ ಮಣ್ಣು ಅಥವಾ ರಸ್ತೆ ಹಾಸಿ ಯಾರೂ ಮುಟ್ಟದಂತೆ ಮಾಡಬಹುದು. ಎರಡರಲ್ಲೂ ಸೀಸ ಇದ್ದೇ ಇರುತ್ತದೆ. ನಮ್ಮ ಕೈ ಬಾಯಿಗೆ ಸಿಗದ ಜಾಗದಲ್ಲಿ ಇರುತ್ತದೆ.

ಎಷ್ಟು ಅಗೆಯಬೇಕು ಎಂದು ತಿಳಿಯುವುದಕ್ಕೂ ಒಂದು ಚಂದದ ಉಪಕರಣವಿದೆ. ಕೈಯಲ್ಲಿ ಹಿಡಿಯುವ ಬಂದೂಕಿನ ಹಾಗೆ ಕಾಣುತ್ತದೆ. ಮಣ್ಣಿನ ಮೇಲೆ ಎಕ್ಸ್-ರೇ ಬಿಟ್ಟರೆ ಪ್ರತಿ ಮೂಲವಸ್ತುವೂ ತನ್ನದೇ ಗುರುತಿನ ಎಕ್ಸ್-ರೇಯನ್ನು ತಿರುಗಿ ಕಳಿಸುತ್ತದೆ. ಸೀಸ "ನಾನು ಇಲ್ಲಿದ್ದೇನೆ" ಎಂದು ತಾನೇ ಹೇಳಿದಂತೆ. ಅಗೆಯುವಾಗ ಧೂಳೇಳದಂತೆ ನೀರು ಚಿಮುಕಿಸುತ್ತಲೇ ಇರಬೇಕು. ಒಣ ಮಣ್ಣು ಎದ್ದರೆ ನೆಲದಲ್ಲಿದ್ದ ಸೀಸ ಪಕ್ಕದ ಮನೆಯ ಕಿಟಕಿ ಹೊಗುತ್ತದೆ.

ಕಲ್ನಾರಿಗೂ ಇದೇ ಎಚ್ಚರಿಕೆ, ಇನ್ನೂ ಒಂದು ಕೈ ಹೆಚ್ಚು. ಉಗಿ ಎಂಜಿನ್ನಿನ ಬಾಯ್ಲರಿನ ಬಿಸಿ ಸೋರಿಹೋಗದಿರಲಿ ಎಂದು ಅದಕ್ಕೆ ಕಲ್ನಾರಿನ ಹೊದಿಕೆ ಹೊದಿಸಿ, ಮೇಲೆ ತಗಡು ಸುತ್ತುತ್ತಿದ್ದರು. ಚಳಿಗೆ ಕಂಬಳಿ ಹೊದ್ದಂತೆ. ಕಲ್ನಾರು ಕಲ್ಲೇ, ಆದರೆ ನಾರುನಾರಾಗಿ ಸೀಳುವ ಕಲ್ಲು. ಆ ನಾರುಗಳು ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣವು. ಉಸಿರಿನೊಂದಿಗೆ ಪುಪ್ಪುಸಕ್ಕೆ ಹೋದರೆ ಅಲ್ಲೇ ಚುಚ್ಚಿಕೊಂಡು ಉಳಿಯುತ್ತವೆ, ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದಮೇಲೆ. ತೆಗೆಯುವವರು ಮೈಯೆಲ್ಲ ಮುಚ್ಚುವ ಉಡುಪು, ಮುಖಕ್ಕೆ ಗಾಳಿ ಸೋಸುವ ಮುಖವಾಡ ಹಾಕಿ, ಕಲ್ನಾರನ್ನು ಮೊದಲು ನೆನೆಸಿ, ನಂತರ ತೆಗೆದು ದಪ್ಪ ಚೀಲದೊಳಗೆ ಕಟ್ಟುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳ ಮಾಡಿಗೆ ಕಲ್ನಾರಿನ ಶೀಟು ಇದೆ. ಒಡೆದ ಹಳೆಯ ಚೂರುಗಳನ್ನು ಕುಂಟೆಬಿಲ್ಲೆ ಆಟಕ್ಕೆ ಬಿಲ್ಲೆ ಮಾಡಿಕೊಳ್ಳಬೇಡಿ, ಕಲ್ಲಿಗೆ ಉಜ್ಜಬೇಡಿ.

"ಇಷ್ಟೆಲ್ಲ ಕಷ್ಟ ಯಾಕೆ, ಬುಲ್ಡೋಜರ್ ತಂದು ಎಲ್ಲ ಬಳಿದು ಎಸೆದರೆ ಆಯಿತಲ್ಲ?" ಎಂದು ಯಾರಾದರೂ ಕೇಳಬಹುದು. ಆಗದು. ಆ ಮಣ್ಣಿನಲ್ಲಿ ವಿಷ ಮಾತ್ರ ಇಲ್ಲ. 19ನೇ ಶತಮಾನದ ಇಟ್ಟಿಗೆಯ ಶಾಪುಗಳು ಇನ್ನೂ ನಿಂತಿವೆ. ತುಂಬಿಸಿದ ಕೆರೆಯ ದಂಡೆಯಲ್ಲಿದ್ದ ಚೀನಾದವರ ಬೀದಿಯ ಒಂದು ಕಡೆ 1990ರ ದಶಕದಲ್ಲಿ ಪುರಾತತ್ವದವರು ಅಗೆದಾಗ, ಆ ಬೀದಿಯ ಜನ ಅನ್ನ ಉಣ್ಣುತ್ತಿದ್ದ ಪಿಂಗಾಣಿ ಬಟ್ಟಲುಗಳು ಸಿಕ್ಕವು. ಹೆಸರು ಬರೆದಿಡದ ಜನರ ಬಗ್ಗೆ ಮಾತಾಡಬಲ್ಲದ್ದು ಅಂಥ ಬಟ್ಟಲುಗಳೇ ಅಲ್ಲವೇ? ವಿಷದ ಮಣ್ಣು ಹೊರಗೆ ಹೋಗಬೇಕು, ಬಟ್ಟಲು ಉಳಿಯಬೇಕು. ಕಟ್ಟಡದ ಅಡಿಯ ಮಣ್ಣು ತೆಗೆಯಬೇಕು, ಕಟ್ಟಡ ಕುಸಿಯಬಾರದು. ರಸಾಯನ ವಿಜ್ಞಾನ ಬಲ್ಲವರು, ಭೂವಿಜ್ಞಾನ ಬಲ್ಲವರು, ಇತಿಹಾಸ ಬಲ್ಲವರು ಒಂದೇ ಗುಂಡಿಯ ಸುತ್ತ ನಿಲ್ಲಬೇಕಾಗುತ್ತದೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾಗುವುದು ಅದೇ.

ಕೆಲಸ ಶುರುವಾಗಿ ಮೂವತ್ತು ವರ್ಷ ದಾಟಿತು. ಮಣ್ಣಿನ ಕೆಲಸ ಬಹುಪಾಲು ಮುಗಿದಿದೆ, ಹೊಸ ಮನೆಗಳು ಏಳತೊಡಗಿವೆ. ಪಕ್ಕದಲ್ಲೇ ಕ್ಯಾಲಿಫೋರ್ನಿಯಾ ರಾಜ್ಯದ ರೈಲು ಮ್ಯೂಸಿಯಮ್ ಇದೆ. ಸೆಂಟ್ರಲ್ ಪೆಸಿಫಿಕ್ಕಿನ ಮೊದಲ ಎಂಜಿನ್ 'ಗವರ್ನರ್ ಸ್ಟ್ಯಾನ್‌ಫರ್ಡ್' ಅಲ್ಲಿ ನಿಂತಿದೆ. 1862ರಲ್ಲಿ ಫಿಲಡೆಲ್ಫಿಯಾದಲ್ಲಿ ತಯಾರಾಗಿ, ಬಿಡಿಬಿಡಿ ಭಾಗಗಳಾಗಿ ಹಡಗೇರಿ, ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಬಂದ ಎಂಜಿನ್ ಅದು. ಎಂಜಿನ್ನು ಥಳಥಳ ಹೊಳೆಯುತ್ತದೆ. ನೆಲದಡಿಯ ನೀರಿನ ಕೆಲಸ ಮಾತ್ರ ಅಷ್ಟು ಬೇಗ ಮುಗಿಯುವಂಥದ್ದಲ್ಲ.

ಯಾಕೆ ಮುಗಿಯುವುದಿಲ್ಲ ಎಂದು ನೀವೇ ನೋಡಬಹುದು. ತಳದಲ್ಲಿ ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಗೆ ಬಟ್ಟೆಯ ಚೂರು ಇಟ್ಟು, ಅರ್ಧ ಮರಳು, ನಡುವೆ ಒಂದು ಉಂಡೆ ಜೇಡಿಮಣ್ಣು ತುಂಬಿ. ಉಂಡೆಯೊಳಗೆ ಎರಡು ಚಮಚ ಜೋನಿ ಬೆಲ್ಲವನ್ನು ಮೊದಲೇ ನಾದಿರಿ. ಈಗ ಮೇಲಿನಿಂದ ಒಂದೊಂದೇ ಲೋಟ ನೀರು ಹಾಕಿ, ಕೆಳಗೆ ಬಿಳಿ ಬಟ್ಟಲಿನಲ್ಲಿ ಹಿಡಿದು ಬಣ್ಣ ನೋಡಿ. ಬಾಯಿಗೆ ಹಾಕಬೇಡಿ, ನೋಡಿ ಅಷ್ಟೇ. ಮೊದಲ ಲೋಟ ಕಂದು, ಎರಡನೆಯದು ತೆಳು, ಹೀಗೆ ಹೋಗಿ ಒಂದು ಹೊತ್ತಿಗೆ ತಿಳಿನೀರು ಬರುತ್ತದೆ. ಎಷ್ಟನೆಯ ಲೋಟಕ್ಕೆ ಬಂತು, ಬರೆದಿಟ್ಟುಕೊಳ್ಳಿ. ಬಾಟಲಿಯನ್ನು ಹಾಗೇ ಬಿಟ್ಟು ಮಲಗಿ. ಬೆಳಿಗ್ಗೆ ಎದ್ದು ಇನ್ನೊಂದು ಲೋಟ ನೀರು ಹಾಕಿ, ಬಟ್ಟಲಿಗೆ ಬಿದ್ದ ನೀರಿನ ಬಣ್ಣ ಹೇಗಿದೆ ನೋಡಿ.